‘ಡೇ’, ‘ದಿನ’ ಸಂಬಂಧಿಕರಾ?

[ಸ್ಕ್ರೀನ್ ಮೇಲೆ: ಡೇ = ದಿನ?]

ನಮಸ್ಕಾರ. ಡೇ, ದಿನ. ಅರ್ಥ ಒಂದೇ, ಸದ್ದೂ ಹತ್ತಿರ ಹತ್ತಿರ. ಲ್ಯಾಟಿನ್‌ನಲ್ಲಿ ‘ದಿಯೆಸ್’. ಮೂರೂ ಒಂದೇ ಮನೆಯವು ಅಂತ ನಾನೂ ಬಹಳ ವರ್ಷ ನಂಬಿದ್ದೆ. ಅಲ್ಲ ಕಣ್ರೀ! ದಿನ, ದಿಯೆಸ್ ದಾಯಾದಿಗಳು, ಸರಿ. ಡೇ ಮಾತ್ರ ಪಕ್ಕದ ಬೀದಿಯವನು, ಮುಖ ಹೋಲುತ್ತೆ ಅಷ್ಟೆ.

ಸಾಕ್ಷಿ ಏನು? ಅಜ್ಜಿಕಥೆ ಕೂಡಿಸಿದ ಗ್ರಿಮ್ ಸಹೋದರರು ಗೊತ್ತಲ್ಲ, ಅವರಲ್ಲಿ ದೊಡ್ಡವನು ಯಾಕೋಬ್. 1822ರಲ್ಲಿ ಅವನು ಒಂದು ನಿಯಮ ಮುಂದಿಟ್ಟ. ಅದರ ಪ್ರಕಾರ ಸಂಸ್ಕೃತದ ‘ದ’ ಇರೋ ಕಡೆ ಇಂಗ್ಲಿಷಲ್ಲಿ ‘ಟ’ ಸಿಗಬೇಕು. ದಶ–ಟೆನ್, ದ್ವಿ–ಟೂ, ದಂತ–ಟೂತ್. ಹಾಗಾದ್ರೆ ದಿನದ ನಿಜವಾದ ನೆಂಟ ಇಂಗ್ಲಿಷಲ್ಲಿದ್ರೆ ಅವನ ಹೆಸರು ‘ಟ’ದಿಂದಲೇ ಶುರುವಾಗಬೇಕು.

ಇದಾನೆ! ಟ್ಯೂಸ್‌ಡೇ ಒಳಗೆ ಅಡಗಿ ಕೂತಿದಾನೆ.

[ಸ್ಕ್ರೀನ್ ಮೇಲೆ: ಟ್ಯೂಸ್ + ಡೇ]

ಇದು ನನಗೆ ಎಷ್ಟು ಇಷ್ಟ ಅಂದ್ರೆ, ಇಲ್ಲಿ ಸ್ವಲ್ಪ ನಿಲ್ಲೋಣ. ಟ್ಯೂಸ್ ಅಂದ್ರೆ ‘ತೀವ್’, ಹಳೇ ಇಂಗ್ಲಿಷರ ದೇವರು. ಆ ‘ತೀವ್’, ನಮ್ಮ ‘ದೇವ’ ಮೂಲದಲ್ಲಿ ಒಂದೇ ಪದ. ದೇವ, ದಿನ, ದಿವಸ ಎಲ್ಲಕ್ಕೂ ಬೇರು ‘ಹೊಳೆ’ ಅನ್ನೋ ಅರ್ಥದ್ದು. ರೋಮನ್ನರು ಮಾರ್ಸ್‌ಗೆ ಕೊಟ್ಟಿದ್ದ ವಾರವನ್ನ ಇಂಗ್ಲಿಷರು ತೀವ್‌ಗೆ ಕೊಟ್ರು. ನಮಗೂ ಅದು ಮಂಗಳವಾರ, ಅದೇ ಗ್ರಹ! ಅಂತೂ ದಿನದ ನೆಂಟ, ದಿನ ಅಲ್ಲದ ‘ಡೇ’ಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ವಾರವಾರವೂ ಬರ್ತಾನೆ.

ಹಾಗಾದ್ರೆ ಡೇ ಯಾರ ಮಗ? ಹಳೇ ಇಂಗ್ಲಿಷಲ್ಲಿ ಅದು ಹೆಚ್ಚಾಗಿ ಹಗಲು ಮಾತ್ರ. ರಾತ್ರಿ ಸೇರಿ 24 ಗಂಟೆ ಆಗಿದ್ದು ಆಮೇಲೆ. ‘ಸುಡು’ ಅನ್ನೋ ಬೇರಿಂದ ಬಂದಿರಬಹುದು, ಅಂದ್ರೆ ನಮ್ಮ ದಹನ, ದಾಹದ ಕಡೆಯದು ಅಂತ ಹಲವು ವಿದ್ವಾಂಸರ ಊಹೆ. ಬಿಸಿಲಿನ ಬೇಗೆಯೇ ಹಗಲು. ಏಪ್ರಿಲ್‌ನಲ್ಲಿ ರಾಯಚೂರಲ್ಲಿ ನಿಂತು ಯಾರು ಇಲ್ಲ ಅಂತಾರೆ?

‘ದಹನದಲ್ಲೂ ದ ಇದೆಯಲ್ಲ, ಗ್ರಿಮ್ ಎಲ್ಲಿ ಹೋದ’ ಅಂತ ಕೇಳ್ತೀರಿ. ಅದು ಮೊದಲು ‘ಧ’ ಆಗಿತ್ತು. ಸಂಸ್ಕೃತದಲ್ಲಿ ‘ಸುಡುವನು’ ಅನ್ನೋಕೆ ‘ಧಕ್ಷ್ಯತಿ’, ಆ ಹಳೇ ‘ಧ’ ಅಲ್ಲಿ ಉಳ್ಕೊಂಡಿದೆ. ‘ಧ’ಗೆ ಇಂಗ್ಲಿಷಲ್ಲಿ ‘ಡ’ ಬರೋದು ಸರಿಯೇ. ಮಧುಗೆ ಮೀಡ್, ವಿಧವೆಗೆ ವಿಡೋ.

ಉಳಿದದ್ದು ಬೇಗ ಬೇಗ. ಡಾನ್, ಮುಂಜಾವು, ಡೇಯ ಮನೆಯದೇ. ಡೇಸಿ ಹೂ ಅಂದ್ರೆ ‘ಡೇಯ ಕಣ್ಣು’, ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತೆ. ಕನ್ನಡದ ‘ಹಗಲು’ ಇವರ್‍ಯಾರಿಗೂ ಸಂಬಂಧ ಇಲ್ಲ; ಹಳಗನ್ನಡದಲ್ಲಿ ‘ಪಗಲ್’, ತಮಿಳಲ್ಲಿ ಇವತ್ತಿಗೂ ಹಾಗೇ. ಇನ್ನು ‘ಹೊತ್ತು’ ಅಂದ್ರೆ ಸಮಯವೂ ಹೌದು, ಸೂರ್ಯನೂ ಹೌದು. ಅದಕ್ಕೇ ಬೇರೆ ವಿಡಿಯೋ ಬೇಕು, ಈಗ ಹೊತ್ತಾಯ್ತು.