ಕ್ಯಾಮೆರಾ ಯಾರಿಗಾಗಿ ನೋಡುತ್ತಿದೆ?

ಅಧ್ಯಕ್ಷರೇ, ಗೆಳೆಯರೇ,

ಹೋದ ತಿಂಗಳು ಇದೇ ವೇದಿಕೆಯಲ್ಲಿ ಹಿರಿಯರೊಬ್ಬರು ಎರಡನೇ ಮಹಾಯುದ್ಧದ ಕಾಲದ ಹಾಲಿವುಡ್ ಸಂಗೀತಚಿತ್ರಗಳನ್ನೆಲ್ಲ ‘ಬರೀ ಪ್ರಚಾರ’ ಅಂತ ಒಂದೇ ಏಟಿಗೆ ಗುಡಿಸಿಹಾಕಿದರು. ಪ್ರಚಾರ ಹೌದು, ಅಲ್ಲ ಅಂದವರು ಯಾರು? ಆದರೆ ಅದು ಯಾರಿಗೆ ಮಾಡಿದ ಪ್ರಚಾರ? ನನ್ನ ತಕರಾರು ಇರೋದು ಅಲ್ಲಿ. ತಾರೆಯರು ಸಮುದ್ರ ದಾಟಿ ಹೋಗಿ ಸೈನಿಕರ ಮುಂದೆ ಹಾಡಿ ಕುಣಿಯುವ ಈ ಚಿತ್ರಗಳ ಕಣ್ಣು ಸೈನಿಕನ ಮೇಲಿಲ್ಲ, ಊರಲ್ಲಿ ಅಂಚೆಯವನ ದಾರಿ ಕಾಯ್ತಾ ಕೂತ ಅವನ ತಾಯಿಯ ಮೇಲಿದೆ. ಹಾಡಿನ ನಡುವೆ ಕ್ಯಾಮೆರಾ ತಿರುಗಿ, ನಗುವ ಹುಡುಗರ ಮುಖಗಳನ್ನು ಸಾಲಾಗಿ ತೋರಿಸುತ್ತಲ್ಲ, ಆ ಶಾಟ್ ಆಕೆಗೆ. ‘ನೋಡಮ್ಮ, ಹುಡುಗ ಚೆನ್ನಾಗಿದ್ದಾನೆ’ ಅಂತ.

ಸೈನಿಕರ ಮನರಂಜನೆಗೆ ಕಲಾವಿದರನ್ನು ಕಳಿಸುವ ಅಮೆರಿಕದ ಸಂಸ್ಥೆ ಯು.ಎಸ್.ಒ. ಹುಟ್ಟಿದ್ದು 1941ರಲ್ಲಿ, ಬ್ರಿಟನ್ನಿನ ಅಂಥದೇ ಸಂಸ್ಥೆ ಎನ್ಸಾ ಅದಕ್ಕೂ ಮೊದಲು 1939ರಲ್ಲಿ. ಇದೆಲ್ಲ ನಿಮಗೆ ಗೊತ್ತಿರೋದೇ. ನಾನು ನೇರವಾಗಿ ನನ್ನ ನಾಲ್ವರು ನಾಯಕಿಯರ ಹತ್ತಿರ ಬರ್ತೀನಿ. ಮುಂದಿನ ಸಾಲಿನವರಿಗೆ ಈ ಕಥೆ ಕೇಳಿ ಕೇಳಿ ಸಾಕಾಗಿದೆ, ಅವರು ಬೇಕಾದರೆ ಕಣ್ಣು ಮುಚ್ಚಬಹುದು.

1942ರ ಕೊನೆಯಲ್ಲಿ ಕೇ ಫ್ರಾನ್ಸಿಸ್, ಕ್ಯಾರೋಲ್ ಲ್ಯಾಂಡಿಸ್, ಮಾರ್ಥಾ ರೇ, ಮಿಟ್ಜಿ ಮೇಫೇರ್ ಎಂಬ ನಾಲ್ವರು ಹಾಲಿವುಡ್ ತಾರೆಯರು ಸೈನಿಕರನ್ನು ರಂಜಿಸೋಕೆ ಇಂಗ್ಲೆಂಡಿಗೆ ಹೋದರು. ಅಲ್ಲಿಂದ ಉತ್ತರ ಆಫ್ರಿಕಕ್ಕೆ. ಅಲ್ಜಿಯರ್ಸ್‌ನಲ್ಲಿ ಮೇಲಿಂದ ಬಾಂಬು ಬೀಳುತ್ತಿದ್ದ ದಿನಗಳವು. ಈ ಗಡಿಬಿಡಿಯಲ್ಲೇ ಲ್ಯಾಂಡಿಸ್ ವಾಯುಪಡೆಯ ಕ್ಯಾಪ್ಟನ್ ಒಬ್ಬರನ್ನು ಮೆಚ್ಚಿ, 1943ರ ಜನವರಿಯಲ್ಲಿ ಲಂಡನ್ನಿನಲ್ಲಿ ಮದುವೆಯನ್ನೂ ಆಗಿಬಿಟ್ಟರು. ಊರಿಗೆ ಬಂದು ಎಲ್ಲವನ್ನೂ ಬರೆದರು. ಹಾಲಿವುಡ್‌ನ ಫಾಕ್ಸ್ ಕಂಪನಿಯವರು ಬಿಡ್ತಾರಾ? 1944ಕ್ಕೆ ಚಿತ್ರ ಬಂತು, ‘ಫೋರ್ ಜಿಲ್ಸ್ ಇನ್ ಎ ಜೀಪ್’.

ಮಜಾ ಏನಪ್ಪಾ ಅಂದ್ರೆ, ನಾಲ್ವರದೂ ತಮ್ಮ ತಮ್ಮದೇ ಪಾತ್ರ, ತಮ್ಮದೇ ಹೆಸರು. ಲ್ಯಾಂಡಿಸ್ ತಮ್ಮ ಪ್ರೇಮಕಥೆಯನ್ನು ಕ್ಯಾಮೆರಾ ಮುಂದೆ ಇನ್ನೊಂದು ಸಲ ನಡೆಸಿಕೊಡ್ತಾರೆ. ಹುಡುಗ ಮಾತ್ರ ಬೇರೆ ಹೆಸರಿನವನು, ಬೇರೆ ನಟ. ಅಸಲಿ ಗಂಡನಿಗೂ ಅವರಿಗೂ ಚಿತ್ರ ಬಂದ ಮರುವರ್ಷವೇ ವಿಚ್ಛೇದನ ಆಯಿತು, ಅದು ಬೇರೆ ಮಾತು. ನಡುವೆ ಬೆಟ್ಟಿ ಗ್ರೇಬಲ್, ಆಲಿಸ್ ಫೇ, ಕಾರ್ಮೆನ್ ಮಿರಾಂಡಾ ರೇಡಿಯೋ ಕಾರ್ಯಕ್ರಮದ ನೆಪದಲ್ಲಿ ಬಂದು ಒಂದೊಂದು ಹಾಡು ಹೇಳಿ ಹೋಗ್ತಾರೆ, ನಮ್ಮ ಕಂಪನಿ ನಾಟಕದಲ್ಲಿ ಕಥೆಯನ್ನು ಅಲ್ಲೇ ನಿಲ್ಲಿಸಿ ಒನ್ಸ್ ಮೋರ್ ಗಿಟ್ಟಿಸಿಕೊಳ್ತಿದ್ದ ಹಾಗೆ.

ಈಗ ಚಿತ್ರದ ಹೊರಗೆ ನಡೆದದ್ದನ್ನು ನೋಡಿ. ಅದೇ 1944ರಲ್ಲಿ ಲ್ಯಾಂಡಿಸ್ ಹಾಸ್ಯನಟ ಜ್ಯಾಕ್ ಬೆನ್ನಿಯವರ ತಂಡದ ಜೊತೆ ದಕ್ಷಿಣ ಪೆಸಿಫಿಕ್‌ಗೆ ಹೋಗಿ ಮಲೇರಿಯಾ, ಆಮಶಂಕೆ ಹಚ್ಚಿಕೊಂಡು ಹಾಸಿಗೆ ಹಿಡಿದರು. ಪರದೆಯ ಮೇಲಿನ ಲ್ಯಾಂಡಿಸ್‌ಗೆ ತಲೆಗೂದಲು ಸಹ ಕೆದರೋದಿಲ್ಲ. ಯಾಕೆ? ಸ್ಟುಡಿಯೋಗೆ ಅಂದಚಂದದ ಹುಚ್ಚು ಅಂತ ಸುಮ್ಮನಾಗಬೇಡಿ. ಬಂದುಹೋಗುವ ನಟಿಗೇ ಹೀಗಾದರೆ ಅಲ್ಲೇ ಬಿದ್ದಿರುವ ನನ್ನ ಮಗನ ಗತಿ ಏನು ಅಂತ ಆ ತಾಯಿ ಲೆಕ್ಕ ಹಾಕ್ತಾಳೆ. ಮತ್ತೆ ಅಲ್ಲಿಗೇ ಬಂದೆ ನೋಡಿ, ಕ್ಯಾಮೆರಾ ಆಕೆಗಾಗಿ ನೋಡುತ್ತಿದೆ.

ಮಾರ್ಥಾ ರೇ ಕಥೆ ಇನ್ನೂ ಸ್ವಾರಸ್ಯ. ಉಳಿದ ಮೂವರು ವಾಪಸಾದರೂ ಅವರು ಆಫ್ರಿಕದಲ್ಲೇ ಉಳಿದರು. ಮುಂದೆ ವಿಯೆಟ್ನಾಂ ಯುದ್ಧಕ್ಕೂ ಹೋದರು. 1991ರಲ್ಲಿ ಬೆಟ್ ಮಿಡ್ಲರ್ ನಟಿಸಿದ ‘ಫಾರ್ ದಿ ಬಾಯ್ಸ್’ ಬಂದಾಗ, ಇದು ನನ್ನ ಬದುಕಿನ ಕಥೆ, ಕದ್ದಿದ್ದೀರಿ ಅಂತ ಕೋರ್ಟಿಗೆ ಎಳೆದರು, ಸೋತರು. 1994ರಲ್ಲಿ ತೀರಿಕೊಂಡಾಗ ಫೋರ್ಟ್ ಬ್ರ್ಯಾಗ್ ಸೇನಾ ನೆಲೆಯಲ್ಲಿ ಮಿಲಿಟರಿ ಮರ್ಯಾದೆಯೊಂದಿಗೆ ಮಣ್ಣು ಮಾಡಿದರು. ಹಾಸ್ಯನಟಿಗೆ, ಗಮನಿಸಿ.

ಚೀಟಿ ಬಂತು. ಐದು ನಿಮಿಷವಂತೆ. ಬ್ರಿಟಿಷ್ ಚಿತ್ರಗಳ ಭಾಗವನ್ನು ಬಹುಮಟ್ಟಿಗೆ ಬಿಡ್ತೀನಿ.

‘ಫಾಲೋ ದಿ ಬಾಯ್ಸ್’ (1944) ಬಗ್ಗೆ ಹೇಳದೆ ಮಾತ್ರ ಇಳಿಯಲಾರೆ, ಅದು ನನ್ನ ವಾದಕ್ಕೆ ಸ್ವಲ್ಪ ಅಡ್ಡ ಬರುವ ಚಿತ್ರ. ಜಾರ್ಜ್ ರ‍್ಯಾಫ್ಟ್ ಮಾಡಿದ ಪಾತ್ರ, ತಾನು ಹೊರಟ ಹಡಗಿಗೆ ಟಾರ್ಪಿಡೋ ಬಡಿದು, ಸಾಯುತ್ತೆ. ಸಾವು ಬಂತಲ್ಲ ಅಂತೀರಿ. ಬಂತು, ಆದರೆ ಸತ್ತವನು ಕಲಾವಿದ, ಯಾವ ತಾಯಿಯ ಸಿಪಾಯಿಯೂ ಅಲ್ಲ! ಅದರಲ್ಲೇ ಆರ್ಸನ್ ವೆಲ್ಸ್ ಜಾದೂಗಾರನಾಗಿ ನಟಿ ಮಾರ್ಲೀನ್ ಡೀಟ್ರಿಚ್‌ರನ್ನು ಗರಗಸದಲ್ಲಿ ಎರಡು ತುಂಡು ಮಾಡ್ತಾರೆ. ಡೀಟ್ರಿಚ್ ಅದೇ ವರ್ಷ ನಿಜವಾಗಿಯೂ ಆಫ್ರಿಕ, ಇಟಲಿಗೆ ಹೋಗಿ ಸೈನಿಕರ ಮುಂದೆ ಅದೇ ಗರಗಸವನ್ನು ಕಾಲಿನ ನಡುವೆ ಇಟ್ಟು ವಾದ್ಯದ ಹಾಗೆ ನುಡಿಸಿದರು. ಅದೇ ಅಂದರೆ ಅದೇ ಅಲ್ಲ, ಇನ್ನೊಂದು. ಸರಿ, ನಗಿ.

ಎಲ್ಲ ತಾಯಂದಿರಿಗೂ ಆ ಕ್ಯಾಮೆರಾ ಇರಲಿಲ್ಲ. ಕರಿಯ ಸೈನಿಕರ ಪಡೆಗಳೇ ಬೇರೆ, ಕರಿಯ ಕಲಾವಿದರ ತಂಡಗಳೇ ಬೇರೆ. ಸೇನಾ ಶಿಬಿರದ ಚಿತ್ರಗಳಲ್ಲೂ ಕರಿಯ ಗಾಯಕಿ ಲೀನಾ ಹಾರ್ನ್ ಅವರ ಹಾಡನ್ನು ಕಥೆಗೆ ಅಂಟದ ಹಾಗೆ ತೆಗೀತಿದ್ದರು, ವರ್ಣಭೇದದ ಅಮೆರಿಕದ ದಕ್ಷಿಣ ರಾಜ್ಯಗಳ ಥಿಯೇಟರಿನವರು ಕತ್ತರಿಸೋಕೆ ಅನುಕೂಲ ಆಗಲಿ ಅಂತ.

ನಮ್ಮವರ ವಿಷಯಕ್ಕೆ ಬಂದರೆ, ಬ್ರಿಟಿಷ್ ಗಾಯಕಿ ವೆರಾ ಲಿನ್ 1944ರಲ್ಲಿ ಬರ್ಮಾದ ಯುದ್ಧರಂಗಕ್ಕೆ ಬಂದರು, ಲಾರಿಯಲ್ಲಿ ಪುಟ್ಟ ಪಿಯಾನೋ ಹೇರಿಕೊಂಡು. ಅವರು ನಾಯಕಿಯಾದ ‘ವಿ ವಿಲ್ ಮೀಟ್ ಎಗೇನ್’ ಹಿಂದಿನ ವರ್ಷವೇ ಬಂದಿತ್ತು, ಅದರಲ್ಲಿ ಬರ್ಮಾ ಎಲ್ಲಿಂದ ಬರಬೇಕು? ಬರ್ಮಾದಲ್ಲಿ ಹೋರಾಡಿದ ಬ್ರಿಟಿಷರ ಹದಿನಾಲ್ಕನೇ ಸೈನ್ಯದಲ್ಲಿ ಬಹುಪಾಲು ಭಾರತೀಯರು. ನಮ್ಮ ಕೊಡಗಿನ ತಿಮ್ಮಯ್ಯನವರು ಬೆಟಾಲಿಯನ್ ನಡೆಸಿದ್ದು ಅದೇ ಬರ್ಮಾದ ಅರಕಾನ್ ಪ್ರಾಂತದಲ್ಲಿ. ಮಡಿಕೇರಿಯ ತಾಯಿಗೆ ‘ಹುಡುಗ ಚೆನ್ನಾಗಿದ್ದಾನೆ’ ಅಂತ ತೋರಿಸಬೇಕು ಅಂತ ಹಾಲಿವುಡ್‌ಗೆ ಯಾಕೆ ಅನ್ನಿಸಬೇಕು ಹೇಳಿ.

ಇನ್ನೆರಡು ಪುಟ ಇವೆ, ಬಿಡಿ, ಅಧ್ಯಕ್ಷರು ಎದ್ದೇ ನಿಂತರು. ಈಗ ‘ಫೋರ್ ಜಿಲ್ಸ್’ ಹಾಕ್ತಾರೆ. ಒಂದೂವರೆ ಗಂಟೆ, ಮಧ್ಯಂತರ ಇಲ್ಲ, ಕಾಫಿ ಈಗಲೇ ಕುಡಿದು ಬನ್ನಿ. ಮಾರ್ಥಾ ರೇ ಬಂದಾಗ ನಾನು ಜೋರಾಗಿ ನಕ್ಕರೆ ಪಕ್ಕದವರು ಹೊಂದಿಕೊಳ್ಳಿ.