ವೀಸಾ ಸಿಕ್ಕಿತು, ವಾಸದ ಹಕ್ಕು ಸಿಕ್ಕಿತೇ?

ಕೇಳುಗರಿಗೆ ನಮಸ್ಕಾರ. ಪರದೇಶದಲ್ಲಿ ವರ್ಷಗಟ್ಟಲೆ ನೆಲೆಸಲು ಹೊರಟಿರುವ ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು. ವೀಸಾ ಗಡಿ ದಾಟುವುದಕ್ಕೆ. ವಾಸದ ಹಕ್ಕನ್ನು ಅಲ್ಲಿಗೆ ಹೋಗಿ ಇಳಿದ ಮೇಲೆ ನೀವೇ ಪೂರ್ಣಗೊಳಿಸಿಕೊಳ್ಳಬೇಕು.

ಫ್ರಾನ್ಸಿಗೆ ಓದಲು ಹೋದ ಯುವತಿಯೊಬ್ಬರ ಪ್ರಸಂಗವನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಆಕೆಯದು ಒಂದು ವರ್ಷದ ದೀರ್ಘಾವಧಿ ವೀಸಾ. ಪ್ರತ್ಯೇಕ ಪರವಾನಗಿ ಚೀಟಿ ಬೇಡ, ಆ ವೀಸಾವೇ ವಾಸದ ಪರವಾನಗಿಯೂ ಹೌದು. ಆದರೆ ಅದು ಹಾಗೆ ಊರ್ಜಿತವಾಗಬೇಕಾದರೆ, ದೇಶದೊಳಗೆ ಕಾಲಿಟ್ಟ 3 ತಿಂಗಳೊಳಗೆ ಸರ್ಕಾರದ ಜಾಲತಾಣದಲ್ಲಿ ವಿವರ ತುಂಬಿ ಶುಲ್ಕ ಕಟ್ಟಬೇಕು. ಮನೆ ಹಿಡಿದು, ಬ್ಯಾಂಕ್ ಖಾತೆ ತೆರೆದು, ಪ್ರತಿಯೊಂದು ಕಾಗದವನ್ನೂ ಕಡತದಲ್ಲಿ ಜೋಡಿಸಿಟ್ಟಿದ್ದ ಆಕೆ ಇದೊಂದನ್ನು ಮಾತ್ರ ಮಾಡಿರಲಿಲ್ಲ. ಐದನೆಯ ತಿಂಗಳಲ್ಲಿ ವಿಚಾರಸಂಕಿರಣಕ್ಕೆಂದು ಲಂಡನ್ನಿಗೆ ಹೋಗಿ ಮರಳುವಾಗ ಗಡಿಯಲ್ಲಿ ತಡೆದರು. "ಸರ್, ವೀಸಾ ಮುಗಿಯಲು ಇನ್ನೂ ಏಳು ತಿಂಗಳಿದೆಯಲ್ಲ" ಎಂದು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ದಿನಾಂಕವೇನೋ ಇತ್ತು, ಹಕ್ಕು ಇರಲಿಲ್ಲ. ತಾಯ್ನಾಡಿಗೆ ಹಿಂದಿರುಗಿ ಹೊಸ ವೀಸಾಕ್ಕೆ ಅರ್ಜಿ ಹಾಕುವಷ್ಟರಲ್ಲಿ ಆ ಓದಿನ ವರ್ಷವೇ ಕೈಬಿಟ್ಟಿತು. ಕಂಪ್ಯೂಟರಿನ ಮುಂದೆ ಕುಳಿತು ಮುಗಿಸಬಹುದಾಗಿದ್ದ ಕೆಲಸಕ್ಕೆ ತೆತ್ತ ಬೆಲೆಯಿದು! ಪ್ರತಿ ವರ್ಷವೂ ಯಾರೋ ಒಬ್ಬರು ಇದೇ ತಪ್ಪು ಮಾಡಿ ಬರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದೇಶ ಬದಲಾದರೆ ಗಡುವೂ ಬದಲಾಗುತ್ತದೆ. ಇಟಲಿಯಲ್ಲಿ ಇಳಿದ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಕೊಡಬೇಕು. ಜರ್ಮನಿಯಲ್ಲಿ ಮನೆಗೆ ಹೋದ 2 ವಾರಗಳೊಳಗೆ ವಿಳಾಸ ನೋಂದಾಯಿಸಬೇಕು. ಆಮೇಲೆ ವೀಸಾ ಮುಗಿಯುವ ಮುನ್ನ ವಿದೇಶಿಯರ ಕಚೇರಿಯಲ್ಲಿ ಪರವಾನಗಿ ಕೇಳಬೇಕು. ಅಲ್ಲಿಯೂ ಅದೇ ಮಾತು: ವೀಸಾ ಕೈಗೆ ಬಂದಾಗ ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ.

ಸಮಯ ಕಡಿಮೆಯಿದೆ, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರವಾಸಿಯಾಗಿ ಷೆಂಗೆನ್ ದೇಶಗಳಿಗೆ, ಅಂದರೆ ತಮ್ಮ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳಿಗೆ, ಹೋದವರು ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ಒಂದು ದಿನದ ಮಟ್ಟಿಗೆ ಹೊರಗೆ ಹೋಗಿ ಬಂದರೆ ಎಣಿಕೆ ಹೊಸದಾಗಿ ಆರಂಭವಾಗುವುದಿಲ್ಲ. ಐರೋಪ್ಯ ಒಕ್ಕೂಟದ ದೀರ್ಘಾವಧಿ ನಿವಾಸಿ ಸ್ಥಾನಕ್ಕೆ 5 ವರ್ಷಗಳ ನಿರಂತರ, ಸಕ್ರಮ ವಾಸ ಬೇಕು. ಆ ಅವಧಿಯಲ್ಲಿ ಒಂದೇ ಸಲ 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ನಿರಂತರತೆ ಕಡಿಯುತ್ತದೆ. ಮನೆಯ ಬಾಡಿಗೆ ಕರಾರು, ವಿಮೆ, ಆದಾಯದ ದಾಖಲೆ ಇವುಗಳನ್ನು ಮೊದಲ ದಿನದಿಂದಲೇ ಕೂಡಿಡಿ. ಪರವಾನಗಿಯ ನವೀಕರಣಕ್ಕೆ ಅದು ಮುಗಿಯುವ ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಇಷ್ಟಕ್ಕೂ ಮುಂಚೆ, ಇಳಿದ ದಿನವೇ ನೋಂದಣಿಯ ಗಡುವನ್ನು ಬರೆದಿಟ್ಟುಕೊಳ್ಳಿ.