ಇಕೋದಾಗ 11.6, ಪವರ್‌ದಾಗ 14.4? ಕಲಬುರಗಿ–ಬೀದರ್ ಮೈಲೇಜ್ ಟೆಸ್ಟ್

ಹಾಂ, ಚಾಲೂ ಆಯ್ತು. ನಮಸ್ಕಾರ್ರೀ ಎಲ್ಲರಿಗೂ. ಮುಂಜಾನೆ ಆರೂವರಿ, ಕಲಬುರಗಿ ಊರಾಗಿನ ಹುಮನಾಬಾದ್ ಬೇಸ್ ದಾಟೀವಿ, ಬೀದರಿಗೆ ಹೊಂಟೀವಿ. ನಡುವಿನ ಸೀಟಿನಾಗ ಕುಂತಾಕಿ ನಮ್ಮವ್ವ. ಮಾರಿ ತೋರಸಬ್ಯಾಡ ಅಂದಾಳ, ಅದಕ್ಕ ಬರೇ ಸೆರಗು ಕಾಣತದ.

ಈ ಗಾಡಿ ನಿಮಗ ಗೊತ್ತೇ ಅದ. ಸೆಕೆಂಡ್ ಹ್ಯಾಂಡ್ ಇನ್ನೋವಾ ಕ್ರಿಸ್ಟಾ, 2017ರ ಮಾಡೆಲ್, 2.8 ಡೀಸೆಲ್, ಆರು ಗೇರಿನ ಆಟೋಮ್ಯಾಟಿಕ್. 2020ಕ್ಕ ಬಿಎಸ್6 ಅನ್ನೋ ಹೊಗಿ ನಿಯಮ ಬಂತಲ್ಲ, ಆವಾಗ ಇನ್ನೋವಾದಾಗ ಈ 2.8 ಎಂಜಿನ್ ಬಂದ್ ಆಯ್ತು. ಬೇಕಂದ್ರ ಈಗ ಹಳೇದೇ ಹುಡುಕಬೇಕು. ಒಬ್ಬರು ಕೇಳಿದ್ರು, ಎಸ್ಟೇಟ್ ಕಾರ್ ಯಾಕ ತಗೊಳ್ಳಿಲ್ಲ, ಅದೇ ಉದ್ದ ಬೆನ್ನಿನ ಕಾರ್, ಸಾಮಾನು ಭಾಳ ಹಿಡೀತದ ಅಂತ. ಎಲ್ಲಿಂದ ತರ್ಲಿರೀ? ನಮ್ಮ ಕಡೆ ಎಸ್ಟೇಟ್ ಅಂದ್ರ ಚಿಕ್ಕಮಗಳೂರಿನ ಕಾಫಿ ತೋಟ. 1992ರಾಗ ಟಾಟಾದವ್ರು ಎಸ್ಟೇಟ್ ಅಂತನೇ ಒಂದು ಡೀಸೆಲ್ ಗಾಡಿ ಬಿಟ್ಟಿದ್ರು, ನಾ ಸಣ್ಣಾವಿದ್ದಾಗ ನಮ್ಮ ಓಣ್ಯಾಗ ಒಂದು ನಿಂತಿರ್ತಿತ್ತು, ಅದರ ಮ್ಯಾಲ ಕೋಳಿ ಮಲಗ್ತಿದ್ವು. ನಮಗ ಇದೇ ಎಸ್ಟೇಟ್. ಹಿಂದಿನ ಸೀಟ್ ಮಡಚೀನಿ, ತೊಗರಿ ಬ್ಯಾಳಿ ಎರಡು ಚೀಲ, ಒಂದೊಂದು ಐವತ್ತು ಕೆಜಿ. ತಂಗಿ ಮನ್ಯಾಗ ಲಗ್ನ ಅದ.

ಇವತ್ತಿನ ಕೆಲಸ ಏನಪಾ ಅಂದ್ರ, ಎರಡು ಬಟನ್. ಒಂದು ಇಕೋ, ಒಂದು ಪವರ್. ಹೋಗುವಾಗ ಪೂರಾ ಇಕೋ, ಬರುವಾಗ ಪೂರಾ ಪವರ್. ಕಲಬುರಗಿಯಾಗ ಟ್ಯಾಂಕ್ ಫುಲ್ ಮಾಡೀನಿ, ಪೈಪ್ ಟಕ್ ಅಂದ ಕೂಡ್ಲೇ ನಿಲ್ಲಿಸೀನಿ. ಬೀದರಿನಾಗ ಮತ್ತ ಟಕ್ ಅನ್ನೋತನಕ ಎಷ್ಟು ಹಿಡೀತದೋ, ಅಷ್ಟು ಡೀಸೆಲ್ ಸುಟ್ಟದ ಅಂತ ಲೆಕ್ಕ.

ಇಕೋ ಒತ್ತಿದ್ರ ಗಾಡಿ ಏನು ಬ್ಯಾರೆ ಆಗಂಗಿಲ್ಲ. ಎಂಜಿನ್ ಅದೇ, ಗೇರ್ ಅವೇ. ಎಕ್ಸಿಲರೇಟರ್ ಅಷ್ಟೇ ಮೆತ್ತಗ ಆಗತದ. ನೀವು ಇಷ್ಟು ತುಳದ್ರ ಅದು ಇಷ್ಟೇ ಕೇಳತದ. ನೋಡ್ರಿ, ಈ ಟ್ರ್ಯಾಕ್ಟರ್ ದಾಟಬೇಕು… ತುಳದೀನಿ… ಇನ್ನೂ ವಿಚಾರ ಮಾಡ್ಲತದ… ಹಾಂ, ಈಗ ಎದ್ದಿತು. ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್, ಹಿಂದ ಒಂದು ಲೈಟಿಲ್ಲ. ಇದರ ಬಗ್ಗೆ ಬ್ಯಾರೆ ವಿಡಿಯೋನೇ ಮಾಡಬೇಕು.

ಇನ್ನೊಂದು, ಇಕೋದಾಗ ಎಸಿ ಸಹ ಕೈ ಬಿಗಿ ಹಿಡೀತದ. ಬೆಂಗಳೂರಿನವ್ರಿಗೆ ನಡೀತದ. ಬ್ಯಾಸಿಗ್ಯಾಗ ನಲವತ್ಮೂರು ಡಿಗ್ರಿ ಕಾಯೋ ಕಲಬುರಗಿಯಾಗ ಎಸಿ ಉಳಸಿ ಡೀಸೆಲ್ ಉಳಸು ಅಂದ್ರ ಯಾರು ಕೇಳ್ತಾರ? ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೇ ಶತಮಾನದಾಗ ರಾಜಧಾನಿನೇ ಇಲ್ಲಿಂದ ಎತ್ತಿ ಬೀದರಿಗೆ ಒಯ್ದ. ಆತಗ ಇಕೋ ಬಟನ್ ಇದ್ದಿಲ್ಲ, ಊರೇ ಬದಲಿ ಮಾಡಿದ.

ಕಮಲಾಪುರ ಬಂತು. ಕೆಂಪು ಬಾಳಿಹಣ್ಣು. ಅವ್ವ ಬರುವಾಗ ತಗೊಳ್ಳೂಣು ಅಂದ್ಳು, ನಿಂದ್ರಲಿಲ್ಲ.

ಈಗ ಬೀದರ್, ಪಂಪ್. ಇಲ್ಲೇ ಕಥಿ ಕೆಟ್ಟಿದ್ದು. ಹುಡುಗಗ ಮೊದಲೇ ಹೇಳೀನಿ, "ತಮ್ಮಾ, ಪೈಪ್ ಟಕ್ ಅಂದ್ರ ಬಿಡು, ಮುಂದ ಒಂದು ಹನಿ ಬ್ಯಾಡ." "ಹೂಂ ರೀ ಅಣ್ಣಾ" ಅಂದ. ಮೀಟರ್ ನೋಡ್ರಿ, ಲೀಟರಿಗೆ 91 ರೂಪಾಯಿ ಚಿಲ್ಲರ. 838 ರೂಪಾಯಿಗೆ ಟಕ್ ಅಂತು, 9.2 ಲೀಟರ್. ನಾ ಹೊಳ್ಳಿ ಕ್ಯಾಮೆರಾ ಸರಿ ಮಾಡೂದ್ರಾಗ ಮತ್ತ ಬುಳ್ ಬುಳ್ ಸಪ್ಪಳ. ಪೈಪ್ ಜಗ್ಗಿ ಜಗ್ಗಿ, ಅಳ್ಳಾಡಿಸಿ ಅಳ್ಳಾಡಿಸಿ ಹಾಕ್ಲತಾನ. ನೊರಿ ಬಾಯಿಗೆ ಬಂದದ. 850… 870… "ಏ ನಿಲ್ಲಸೋ" ಅಂದೆ. "ರೌಂಡ್ ಫಿಗರ್ ಮಾಡ್ತೀನ್ರಿ ಅಣ್ಣಾ, ಚಿಲ್ಲರ ಇಲ್ಲ." ಯಪ್ಪಾ, ಕೈಯಾಗ ಫೋನ್ ಹಿಡಕೊಂಡು ನಿಂತೀನಿ, ಸ್ಕ್ಯಾನ್ ಮಾಡಾಂವ ನಾ, ನಿನಗ ಚಿಲ್ಲರ ಯಾಕಪಾ? ಪೂರಾ 900ಕ್ಕ ತಂದೇ ಬಿಟ್ಟ. 9.88 ಲೀಟರ್. ಮ್ಯಾಲಿಂದ ನಗ್ಲತಾನ, ದೊಡ್ಡ ಉಪಕಾರ ಮಾಡಿದಂಗ. ಬೈಯಬೇಕಂದೆ, ಹುಡುಗಗ ಹದಿನೆಂಟೂ ಆಗಿರಂಗಿಲ್ಲ, ಸುಮ್ನ ಬಂದೆ. ಖರೇ ಹೇಳಬೇಕಂದ್ರ ಊರಾಗಿನ ಅರ್ಧ ಮಂದಿ ರೌಂಡ್ ಮಾಡು ಅಂತ ತಾವೇ ಹೇಳ್ತಾರ. ಆ ಹುಡುಗಂದು ಏನು ತಪ್ಪು.

ಲೆಕ್ಕ: 115 ಕಿಲೋಮೀಟರ್, 9.88 ಲೀಟರ್. 11.6. ಇಕೋದಾಗ! ಥೂ ಇದರ.

ಚೀಲ ಇಳಿಸೂದು, ಊಟ, ತಂಗಿ ಕೂಡ ಜಗಳ, ಎಲ್ಲಾ ಬಿಡ್ತೀನಿ. ಸಂಜೀಕ ಹೊಳ್ಳಿ ಹೊಂಟೀವಿ, ಪವರ್ ಒತ್ತೀನಿ. ಆಹಾಹಾ. ಕಾಲು ಇಟ್ಟರ ಸಾಕು, ಗಾಡಿ ಜಿಗೀತದ. ಇದೇ ಖರೇ ಗಾಡಿ, ಇಕೋ ಬಟನ್ ಕಿತ್ತಿ ಒಗೀಬೇಕು. ಹುಮನಾಬಾದಿನಾಗ ಪುಣೆ–ಹೈದರಾಬಾದ್ ರೋಡ್ ದಾಟೋ ಹೊತ್ತಿಗೆ ಲಾರಿ ಸಾಲು, ಅಲ್ಲಿ ಮಾತ್ರ ಪವರ್ ತ್ರಾಸ ಕೊಡ್ತು. ತುಸು ತುಳದ್ರೂ ಮುಂದಿನ ಗಾಡಿ ಬೆನ್ನಿಗೆ ಹೋಗಿ ನಿಲ್ಲತದ, ಮತ್ತ ಬ್ರೇಕ್, ಮತ್ತ ತುಳಿ. ಅವ್ವಗ ತಲಿ ತಿರುಗ್ತು. ಊರಾಗ ಇಕೋನೇ ಛಲೋ. ಆಯ್ತು, ಕಿತ್ತಿ ಒಗ್ಯೂದು ಬ್ಯಾಡ.

ಕಲಬುರಗಿ ಪಂಪ್, ಮುಂಜಾನಿ ಪಂಪೇ. ಈ ಸಲ ಪೈಪ್ ನಾನೇ ಕಾಯ್ದು ನಿಂತೆ. ಟಕ್. 8 ಲೀಟರ್. 115 ಭಾಗ 8, 14.4! ಗಾಡಿ ಮೈಲೇಜ್ ಟೆಸ್ಟ್ ಮಾಡೋ ಸಂಸ್ಥೆ ಎಆರ್‌ಎಐ ಈ ಗಾಡಿಗೆ ಕೊಟ್ಟ ಅಂಕಿನೇ 14.29. ಪವರ್ ಹಾಕಿ ಅದನ್ನೂ ದಾಟೀನಿ ಅಂತ ಕುಣದೆ, ಆ ಶಾಟ್ ಕತ್ತರಿಸೀನಿ.

ಯಾಕಂದ್ರ ಅವ್ವ ಹಿಂದಿಂದ ಅಂದ್ಳು, "ಬೀದರ್ ಮ್ಯಾಲ ಅದಲ್ಲೋ ಯಪ್ಪಾ. ಹೋಗುವಾಗ ಏರು, ಬರುವಾಗ ಇಳವು. ಮ್ಯಾಲ ನನ್ನ ಬ್ಯಾಳಿ ಚೀಲಾನೂ ಇದ್ವು."

ಆಕಿ ಹೇಳಿದ್ದು ಖರೇ. ಕಲಬುರಗಿ 450 ಮೀಟರ್ ಆಸುಪಾಸು, ಬೀದರ್ ಹತ್ತಿರ ಹತ್ತಿರ 700. ಎರಡು ಟನ್ ಸಮೀಪದ ಗಾಡಿ ಅಷ್ಟು ಎತ್ತರ ಏರಬೇಕಂದ್ರ ಡೀಸೆಲ್ ಸುಡಲೇಬೇಕು. ಬರುವಾಗ ಇಳಿಜಾರಿನಾಗ ಕಾಲು ತಗದ್ರ ಎಂಜಿನ್ ಡೀಸೆಲ್ ಕುಡ್ಯೂದೇ ನಿಲ್ಲಸತದ, ಗಾಲಿನೇ ಅದನ್ನ ತಿರಗಸ್ತಾವ. ಕೆಲವರು ಇಳವಿನಾಗ ನ್ಯೂಟ್ರಲ್ ಹಾಕ್ತಾರ, ಉಳೀತದ ಅಂತ. ಉಲ್ಟಾ ಅದ. ನ್ಯೂಟ್ರಲ್‌ನಾಗ ಎಂಜಿನ್ ಆರಬಾರದಂತ ಡೀಸೆಲ್ ಕುಡೀತನೇ ಇರತದ, ಬ್ರೇಕ್ ಬ್ಯಾರೆ ಕಾಯ್ತದ. ಗೇರ್ ಡಿದಾಗೇ, ಅಂದ್ರ ಡ್ರೈವ್‌ದಾಗೇ ಇರ್ಲಿ.

ಇನ್ನು ರೌಂಡ್ ಫಿಗರ್ ಲೆಕ್ಕ. ಆ ಹುಡುಗ ಹೆಚ್ಚಿಗಿ ತುರುಕಿದ್ದು 0.68 ಲೀಟರ್. ಅದು ಹೋಗೋ ಲೆಕ್ಕಕ್ಕ ಕೂಡಿ ಬರೋ ಲೆಕ್ಕದಾಗ ಕಳದದ, ಎರಡೂ ಕಡೆ ಸುಳ್ಳು. ಸರಿ ಮಾಡಿದ್ರ ಇಕೋ 12.5, ಪವರ್ 13.2. ಅದರಾಗೂ ಏರು, ಚೀಲ, ಎಲ್ಲಾ ಕೂಡ್ಯಾವ. ನಂಬೂ ಅಂಕಿ ಒಂದೇ: ಹೋಗಿ ಬಂದು 230 ಕಿಲೋಮೀಟರ್, 17.88 ಲೀಟರ್, 12.9ರ ಹತ್ತಿರ. ಹೈವೇದಾಗ ಒಂದೇ ಸ್ಪೀಡಿಗೆ ಹೊಂಟ್ರ ಯಾವ ಬಟನ್ ಒತ್ತಿದ್ರೂ ಗಾಡಿ ಆರನೇ ಗೇರಿನಾಗೇ ಇರತದ, ಫರಕ್ ಎಲ್ಲಿಂದ ಬರಬೇಕು? ಇಕೋ ಬಟನ್ ಅಂದ್ರ ನನ್ನಂಥ ಜೋರು ಕಾಲಿನವ್ರಿಗೆ ಹಾಕಿದ ಮೂಗುದಾಣ, ಅಷ್ಟೇ.

ಮುಂದಿನ ಸಲ ಎರಡು ಸಲ ಬೀದರಿಗೇ ಹೋಗ್ತೀನಿ, ಎರಡೂ ಸಲ ಖಾಲಿ ಗಾಡಿ. ಖಾಲಿ ಹೋದ್ರ ತಂಗಿ ಬಾಗಿಲು ತೆಗೀತಾಳೋ ಇಲ್ಲೋ… ಏನ್ ಬೇ? ಬಾಳಿಹಣ್ಣು? ಅಯ್ಯ, ಕಮಲಾಪುರದಾಗ ನಿಂದ್ರಲೇ ಇಲ್ಲಲ್ಲ. ಪವರ್‌ದಾಗ ದಾಟಿ ಬಂದ್ವಿ. ತಡೀರಿ, ಕ್ಯಾಮೆರಾ ಬಂದ್ ಮಾಡ್ತೀನಿ, ಆಕಿ ಸಿಟ್ಟಿಗೆದ್ದಾಳ.